67 ಎಂದ ಲೆಕ್ಕ, 26ಕ್ಕೆ ಕುಸಿದ ಕೊಳವೆ: ಒಂದು ಬಕ್ಲಿಂಗ್ ಪ್ರಕರಣ

ಒಂದು ಕಿಲೋಗ್ರಾಂಗಿಂತ ತುಸು ಹೆಚ್ಚು ತೂಗುವ ಅಲ್ಯೂಮಿನಿಯಂ ಕೊಳವೆ. ತ್ರಿಜ್ಯ 250 ಮಿ.ಮೀ., ಎತ್ತರ 500 ಮಿ.ಮೀ., ತಗಡಿನ ದಪ್ಪ ಅರ್ಧ ಮಿಲಿಮೀಟರ್. ಅದು ಮೇಲಿನಿಂದ ನೇರವಾಗಿ ಹೊರಬೇಕಾದ ಹೊರೆ 30 ಕಿಲೋನ್ಯೂಟನ್, ಅಂದರೆ ಮೂರು ಟನ್ನಿನಷ್ಟು. ಸುರಕ್ಷತೆಗೆಂದು ಇಡುವ ಗುಣಕವೂ ಅದರಲ್ಲೇ ಸೇರಿತ್ತು. ಕೊಳವೆ 67 ಕಿಲೋನ್ಯೂಟನ್‌ವರೆಗೆ ತಡೆಯುತ್ತದೆ ಎಂದು ನಮ್ಮ ತಂಡದ ವರದಿ ಹೇಳಿತ್ತು. ಬೇಕಾದದ್ದರ ಎರಡು ಪಟ್ಟಿಗೂ ಮಿಕ್ಕಿ. ಪರೀಕ್ಷಾ ಯಂತ್ರದಲ್ಲಿ ಅದು 26ಕ್ಕೆ ಕುಸಿಯಿತು.

ಕುಸಿದ ಬಗೆಯನ್ನು ಹೇಳಲೇಬೇಕು. ಹೊರೆಯ ಗೆರೆ ಸ್ಕೇಲಿಟ್ಟು ಎಳೆದ ಹಾಗೆ ನೇರವಾಗಿ ಏರುತ್ತಿತ್ತು. ಕೊಳವೆಯ ಮೈಮೇಲೆ ಯಾವ ಸೂಚನೆಯೂ ಇರಲಿಲ್ಲ. 26 ಮುಟ್ಟುವಷ್ಟರಲ್ಲಿ 'ಟಪ್' ಎಂಬ ಒಂದೇ ಸದ್ದು. ಕಣ್ಣು ಮಿಟುಕಿಸುವುದರೊಳಗೆ ನಡುಮೈಯಲ್ಲಿ ವಜ್ರಾಕಾರದ ನೆಗ್ಗುಗಳ ಎರಡು ಸಾಲು, ಒಂದು ಸಾಲಿನ ಸಂದಿಗೆ ಇನ್ನೊಂದು ಸಾಲಿನ ಮೂಗು ಬರುವಂತೆ ಹೆಣೆದುಕೊಂಡು ನಿಂತಿತ್ತು. ಸುತ್ತಲೂ ಎಣಿಸಿದರೆ ಸಾಲಿಗೆ ಹನ್ನೊಂದು. ಹೊರೆ 13ಕ್ಕೆ ಇಳಿದಿತ್ತು. ಯಂತ್ರವನ್ನು ಹಿಂದಕ್ಕೆ ತಂದಾಗ ನೆಗ್ಗುಗಳು ಒಂದೊಂದಾಗಿ ಹೊರಕ್ಕೆ ಚಿಮ್ಮಿ, ಕೊಳವೆ ಮತ್ತೆ ದುಂಡಗಾಯಿತು. ಬೆರಳಾಡಿಸಿದರೆ ಮಾತ್ರ ಸಿಗುವ ಒಂದೆರಡು ಮಡಿಕೆಗೆರೆ ಉಳಿದಿದ್ದವು, ಅಷ್ಟೇ. ಕುಸಿದ ಗಳಿಗೆಯಲ್ಲಿ ತಗಡಿನೊಳಗಿದ್ದ ಒತ್ತಡ ಬರೀ 33 ಮೆಗಾಪಾಸ್ಕಲ್. ಆ ಲೋಹ ಶಾಶ್ವತವಾಗಿ ಬಗ್ಗಲು ಅದರ ಹಲವು ಪಟ್ಟು ಬೇಕು. ಲೋಹದ ಗುಣಮಟ್ಟದ ಮೇಲೆ ತಪ್ಪು ಹೊರಿಸುವ ದಾರಿ ಅಲ್ಲಿಗೇ ಮುಚ್ಚಿತು. ಕಡತ ನನ್ನ ಮೇಜಿಗೆ ಬಂತು.

ವರದಿಯ 67 ಎಲ್ಲಿಂದ ಬಂತು

ವರದಿ ಮಾಡಿದ್ದು ರೇಖೀಯ ಬಕ್ಲಿಂಗ್ ವಿಶ್ಲೇಷಣೆ. ಬಕ್ಲಿಂಗ್ ಅಂದರೆ ಒತ್ತುವ ಹೊರೆಗೆ ತೆಳುವಾದ ರಚನೆ ಇದ್ದಕ್ಕಿದ್ದಂತೆ ಬಾಗಿ ನೆಗ್ಗಿಹೋಗುವುದು. ರಚನೆಯನ್ನು ಎಲಿಮೆಂಟ್ ಎಂಬ ಸಣ್ಣ ತುಂಡುಗಳಾಗಿ ಒಡೆದು ಲೆಕ್ಕ ಹಾಕುವ ಫೈನೈಟ್ ಎಲಿಮೆಂಟ್ ತಂತ್ರಾಂಶದಲ್ಲಿ ಇದು ಕೆಲವೇ ನಿಮಿಷಗಳ ಕೆಲಸ, ಅದಕ್ಕೇ ಇಷ್ಟು ಜನಪ್ರಿಯ. ಹಿಂದಿರುವ ಯೋಚನೆಯೂ ಸರಳ. ಯಾವ ರಚನೆಗೂ ತನ್ನದೇ ಆದ ಬಿಗಿತ ಇರುತ್ತದೆ. ಎಳೆಯುವ ಹೊರೆ ಆ ಬಿಗಿತಕ್ಕೆ ಕೂಡಿಕೊಳ್ಳುತ್ತದೆ; ತಂತಿಯನ್ನು ಬಿಗಿದಷ್ಟೂ ಪಕ್ಕಕ್ಕೆ ಸರಿಸುವುದು ಕಷ್ಟವಾಗುವುದು ಇದರಿಂದಲೇ. ಒತ್ತುವ ಹೊರೆ ಅದನ್ನು ತಿನ್ನುತ್ತಾ ಹೋಗುತ್ತದೆ. ಹೀಗೆ ಹೊರೆಯಿಂದ ಕೂಡುವ ಅಥವಾ ಕಳೆಯುವ ಪಾಲಿಗೆ ಜ್ಯಾಮಿತೀಯ ಬಿಗಿತ ಎಂದು ಹೆಸರು. ಹೊರೆಯನ್ನು ಎಷ್ಟು ಪಟ್ಟು ಹೆಚ್ಚಿಸಿದರೆ ಯಾವುದೋ ಒಂದು ಆಕಾರದ ಮಟ್ಟಿಗೆ ಒಟ್ಟು ಬಿಗಿತ ಸೊನ್ನೆಯಾಗುತ್ತದೆ ಎಂದು ಕೇಳುವುದೇ ಐಗನ್ ಮೌಲ್ಯದ ಪ್ರಶ್ನೆ. ಉತ್ತರವಾಗಿ ಒಂದು ಗುಣಕವೂ ಒಂದು ಆಕಾರವೂ ಸಿಗುತ್ತವೆ. ಆ ಆಕಾರ ಎಷ್ಟು ದೊಡ್ಡದು ಎಂಬುದು ಮಾತ್ರ ಸಿಗುವುದಿಲ್ಲ. ಪರದೆಯ ಮೇಲಿನ ಬಣ್ಣಬಣ್ಣದ ಚಿತ್ರದಲ್ಲಿ ಗರಿಷ್ಠ ಸ್ಥಳಾಂತರ 1 ಎಂದು ಬರೆದಿರುತ್ತದೆ. ಅದು ಮಿಲಿಮೀಟರೂ ಅಲ್ಲ, ಮೀಟರೂ ಅಲ್ಲ. ಅದನ್ನೇ ನಿಜವಾದ ಬಾಗು ಎಂದು ಓದಿಕೊಂಡ ವರದಿಗಳನ್ನೂ ನಾನು ಕಂಡಿದ್ದೇನೆ. ನಮ್ಮದು ಪುಣ್ಯಕ್ಕೆ ಅಷ್ಟು ಕೆಟ್ಟದಾಗಿರಲಿಲ್ಲ.

ವರದಿ ಬರೆದ ಕಿರಿಯ ಸಹೋದ್ಯೋಗಿ ಕೈಲೆಕ್ಕವನ್ನೂ ಮಾಡಿದ್ದ. ಲೊರೆಂಟ್ಸ್ 1908ರಲ್ಲಿ, ಟಿಮೊಶೆಂಕೊ 1910ರಲ್ಲಿ, ಸೌತ್‌ವೆಲ್ 1914ರಲ್ಲಿ ಕಂಡುಕೊಂಡ ಹಳೆಯ ಸೂತ್ರ: ಬಕ್ಲಿಂಗ್ ಒತ್ತಡ ಅಂದರೆ 0.605 ಗುಣಿಸು ಯಂಗ್ ಗುಣಾಂಕ (ಹಿಗ್ಗಲು ಕುಗ್ಗಲು ಲೋಹ ತೋರುವ ಪ್ರತಿರೋಧದ ಅಳತೆ), ಗುಣಿಸು ದಪ್ಪ, ಭಾಗಿಸು ತ್ರಿಜ್ಯ. ಯಂಗ್ ಗುಣಾಂಕ 70 ಗಿಗಾಪಾಸ್ಕಲ್, ತ್ರಿಜ್ಯ ದಪ್ಪದ 500 ಪಟ್ಟು. ಬರುವ ಒತ್ತಡ 84.7 ಮೆಗಾಪಾಸ್ಕಲ್. ಅಡ್ಡಕೊಯ್ತದ ವಿಸ್ತೀರ್ಣ 785 ಚದರ ಮಿ.ಮೀ. ಗುಣಿಸಿದರೆ 66.5 ಕಿಲೋನ್ಯೂಟನ್. ಕಂಪ್ಯೂಟರ್ ಹೇಳಿದ್ದು 67.

"ಸರ್, ಎರಡೂ ತಾಳೆಯಾಗುತ್ತವೆ" ಎಂದ. ಆಗುತ್ತವೆ, ನಿಜ. ಕೈಲೆಕ್ಕಕ್ಕೂ ಕಂಪ್ಯೂಟರಿಗೂ ತಾಳೆಯಾದ ಕೂಡಲೇ ನಾವು ಅನುಮಾನ ಪಡುವುದನ್ನು ನಿಲ್ಲಿಸಿಬಿಡುತ್ತೇವೆ. ಇಲ್ಲಿ ಎರಡೂ ಒಂದೇ ಊಹೆಯ ಮೇಲೆ ನಿಂತಿದ್ದವು: ಕೊಳವೆ ಲೋಪವಿಲ್ಲದೆ ದುಂಡಗಿದೆ, ಹೊರೆ ಎಲ್ಲೆಡೆ ಸಮನಾಗಿ ಕೂತಿದೆ, ಕುಸಿಯುವ ಗಳಿಗೆಯವರೆಗೆ ಏನೂ ಬಾಗಿಲ್ಲ. ಒಂದೇ ಊಹೆಯಿಂದ ಹೊರಟ ಇಬ್ಬರು ಒಂದೇ ಕಡೆ ತಲುಪಿದರೆ ಅದನ್ನು ಸಾಕ್ಷಿ ಎಂದು ಎಣಿಸುವ ಹಾಗಿಲ್ಲ.

ಮೆಶ್, ಅಂದರೆ ಲೆಕ್ಕಕ್ಕಾಗಿ ಕೊಳವೆಯನ್ನು ಒಡೆದ ತುಂಡುಗಳ ಬಲೆ, ಅದೂ ಒಂದು ಕಥೆ. ವರದಿಯಲ್ಲಿದ್ದುದು ಕೊಳವೆಯ ಕಾಲು ಭಾಗ, 25 ಮಿ.ಮೀ. ಬದಿಯ, ತೆಳು ತಗಡನ್ನು ಪ್ರತಿನಿಧಿಸುವ ಶೆಲ್ ಎಲಿಮೆಂಟ್‌ಗಳು. ಈ ಕೊಳವೆಯಲ್ಲಿ ಸುತ್ತಲೂ ಸಮನಾದ ಉಂಗುರದಂಥ ಸುಕ್ಕು ಬಿದ್ದರೆ ಅದರ ಅರ್ಧ ಅಲೆಯ ಉದ್ದ ಸುಮಾರು 19 ಮಿ.ಮೀ. ತ್ರಿಜ್ಯವನ್ನು ದಪ್ಪದಿಂದ ಗುಣಿಸಿ, ವರ್ಗಮೂಲ ತೆಗೆದು, 1.73ರಿಂದ ಗುಣಿಸಿದರೆ ಅದು ಸಿಗುತ್ತದೆ. 25 ಮಿ.ಮೀ.ನ ಎಲಿಮೆಂಟಿಗೆ 19 ಮಿ.ಮೀ.ನ ಸುಕ್ಕು ಕಾಣಿಸುವುದಾದರೂ ಹೇಗೆ? ಹಾಗಿದ್ದೂ 67 ಬಂದದ್ದು ಏಕೆ ಎಂಬುದು ನನ್ನನ್ನು ಒಂದು ಮಧ್ಯಾಹ್ನ ಪೂರ್ತಿ ಕಾಡಿತು.

ಕಾರಣ ಸಿಕ್ಕಿದ ಮೇಲೆ ಇಡೀ ಪ್ರಕರಣವೇ ಬಿಚ್ಚಿಕೊಂಡಿತು. ಕಾಗದ ಹಿಡಿದು ಲೆಕ್ಕ ಹಾಕಿದೆ. ಎತ್ತರದ ಉದ್ದಕ್ಕೆ ಒಂದು ಅರ್ಧ ಅಲೆ, ಸುತ್ತಲೂ 8 ಅಲೆ ಇರುವ ಆಕಾರದ ಹೊರೆ ಹಳೆಯ ಸೂತ್ರದ 1.003 ಪಟ್ಟು. ಎರಡು ಅರ್ಧ ಅಲೆ, ಸುತ್ತ 11 ಇದ್ದರೆ 1.001 ಪಟ್ಟು. ಮೂರಕ್ಕೆ 13, ಐದಕ್ಕೆ 16 ಇಟ್ಟರೆ ಸೂತ್ರದ ಸಂಖ್ಯೆಯಿಂದ ಬೇರ್ಪಡಿಸಲೂ ಆಗದಷ್ಟು ಹತ್ತಿರ. ಒಂದಕ್ಕೊಂದು ಸಂಬಂಧವೇ ಇಲ್ಲವೆನಿಸುವ ಆಕಾರಗಳೆಲ್ಲ ಶೇ 0.3ರೊಳಗೆ ಹೆಗಲಿಗೆ ಹೆಗಲು ತಾಗಿಸಿ ಕುಳಿತಿದ್ದವು. ಒರಟು ಮೆಶ್ ಅವುಗಳಲ್ಲಿ ಅತಿ ಉದ್ದ ಅಲೆಯ ಆಕಾರವೊಂದನ್ನು ಹಿಡಿದುಕೊಂಡಿತ್ತು: ಸುತ್ತ 8 ಅಲೆ, ಪ್ರತಿ ಅಲೆಗೆ ಎಂಟು ಎಲಿಮೆಂಟ್, ಅದಕ್ಕೆ ಅಷ್ಟು ಸಾಕು. ಉಳಿದವು ಅದಕ್ಕೆ ಸರಿಯಾಗಿ ಕಾಣಲೇ ಇಲ್ಲ. ಕಾಲು ಭಾಗದ ಮಾದರಿಯಂತೂ ಸುತ್ತಲಿನ ಅಲೆಗಳ ಸಂಖ್ಯೆ ಸಮಸಂಖ್ಯೆಯಾಗಿರುವ ಆಕಾರಗಳನ್ನಷ್ಟೇ ಒಳಗೆ ಬಿಟ್ಟಿತ್ತು. 11ಕ್ಕೂ 13ಕ್ಕೂ ಪ್ರವೇಶವೇ ಇರಲಿಲ್ಲ. ಮೊದಲ ಐಗನ್ ಮೌಲ್ಯ ಒಂದನ್ನೇ ನೋಡುವವರಿಗೆ ಇದು ಯಾವುದೂ ಗೊತ್ತಾಗುವುದಿಲ್ಲ. ಮೊದಲ ಇಪ್ಪತ್ತು ಮೌಲ್ಯಗಳನ್ನು ಕೇಳಿದ್ದರೆ ಪಟ್ಟಿಯೇ ಎಚ್ಚರಿಸುತ್ತಿತ್ತು. ಇಷ್ಟೊಂದು ಆಕಾರಗಳು ಒಂದೇ ಹೊರೆಗೆ ಕಾದು ಕುಳಿತ ರಚನೆಯಲ್ಲಿ ಅವು ಒಂದರ ಜೊತೆ ಒಂದು ಕೈಜೋಡಿಸುತ್ತವೆ, ಆಗ ಸಣ್ಣ ಲೋಪಕ್ಕೂ ದೊಡ್ಡ ದಂಡ ತೆರಬೇಕಾಗುತ್ತದೆ.

ನೆಗ್ಗಿದ ಮೇಲೆ ಏನಾಗುತ್ತದೆ

ತೆಳುವಾದ ಉದ್ದನೆಯ ಕಂಬವನ್ನು ಒತ್ತಿದರೆ ಅದು ಆಯ್ಲರ್ ಹೇಳಿದ ಹೊರೆಗೆ ಪಕ್ಕಕ್ಕೆ ಬಾಗುತ್ತದೆ, ಆದರೆ ಆ ಹೊರೆಯನ್ನು ಹೊತ್ತೇ ಇರುತ್ತದೆ. ನಾಲ್ಕೂ ಅಂಚು ಹಿಡಿದ ಚಪ್ಪಟೆ ತಗಡು ಇನ್ನೂ ಉದಾರಿ: ನಡುವೆ ಉಬ್ಬಿದ ಮೇಲೂ ಅಂಚುಗಳ ಹತ್ತಿರದ ಪಟ್ಟಿಗಳು ಹೊರೆಯನ್ನು ಹೊತ್ತುಕೊಳ್ಳುತ್ತವೆ, ಒಟ್ಟು ಹೊರೆ ಏರುತ್ತಲೇ ಹೋಗುತ್ತದೆ. ವಿಮಾನದ ಹೊದಿಕೆ ತಗಡುಗಳು ಹಾರಾಟದಲ್ಲಿ ಸುಕ್ಕುಗಟ್ಟಿದರೂ ವಿಮಾನಕ್ಕೆ ಏನೂ ಆಗದಿರುವುದು ಈ ಮೀಸಲಿನಿಂದ. ಅಂಥ ಕಡೆ ಐಗನ್ ಮೌಲ್ಯವನ್ನು ನಂಬಿದರೆ ನಷ್ಟವೇನೂ ಇಲ್ಲ, ಹೆಚ್ಚೆಂದರೆ ಸ್ವಲ್ಪ ಲೋಹ ದಂಡವಾದೀತು.

ದುಂಡಗಿನ ಕೊಳವೆ ಹಾಗಲ್ಲ. ಅದರ ಬಲವೆಲ್ಲ ತಗಡು ತನ್ನ ಮೈಯುದ್ದಕ್ಕೂ ಹಿಗ್ಗಲು ಕುಗ್ಗಲು ಒಪ್ಪದಿರುವುದರಲ್ಲಿದೆ. ಬಾಗಲು ಅದಕ್ಕೆ ಯಾವ ತಕರಾರೂ ಇಲ್ಲ, ಅರ್ಧ ಮಿಲಿಮೀಟರ್ ತಗಡನ್ನು ಬೆರಳಿನಿಂದಲೇ ಬಾಗಿಸಬಹುದು. ಹೊರೆ ಏರುವಾಗ ಶಕ್ತಿಯೆಲ್ಲ ಆ ಕುಗ್ಗುವಿಕೆಯಲ್ಲಿ ಸಂಗ್ರಹವಾಗುತ್ತದೆ. ಒಳಮುಖವಾದ ಚಪ್ಪಟೆ ನೆಗ್ಗು ಬಿದ್ದರೆ ತಗಡು ಹೆಚ್ಚು ಹಿಗ್ಗದೆ ಕುಗ್ಗದೆ, ಬರೀ ಬಾಗಿಯೇ ಕುಳ್ಳಾಗಬಹುದು. ಕಾಗದದ ಸುರುಳಿಯನ್ನು ವಜ್ರಾಕಾರದ ಮಡಿಕೆಗಳಲ್ಲಿ ಮಡಿಸಿ ಗಿಡ್ಡ ಮಾಡುವ ಹಾಗೆ. ದುಬಾರಿ ಸಂಗ್ರಹ ಬಿಡುಗಡೆಯಾಗಿ ಅಗ್ಗದ ಬಾಗುವಿಕೆಯಾಗುತ್ತದೆ. ಆ ಸ್ಥಿತಿಯನ್ನು ಹಿಡಿದಿಡಲು ಬೇಕಾದ ಹೊರೆ ತೀರಾ ಕಡಿಮೆ. 1941ರಲ್ಲಿ ಫಾನ್ ಕಾರ್ಮನ್ ಮತ್ತು ಟ್ಸಿಯನ್ ತೋರಿಸಿದ್ದು ಇದನ್ನೇ: ಬಕ್ಲಿಂಗ್ ನಂತರದ ದಾರಿ, ಅಂದರೆ ಹೊರೆಯ ಗೆರೆಯ ಮುಂದಿನ ಭಾಗ, ಶಿಖರದಿಂದ ಕೆಳಕ್ಕೆ ಧುಮುಕುತ್ತದೆ.

ಕೆಳಗೆ ಅಷ್ಟು ಆಳದ ಕಣಿವೆ ಇದ್ದಾಗ ಶಿಖರದ ತುದಿ ಮುಟ್ಟುವ ಮೊದಲೇ ಜಾರುವುದಕ್ಕೆ ಎಷ್ಟು ಲೋಪ ಸಾಕು? ಈ ಪ್ರಶ್ನೆಗೆ ಡಚ್ ಎಂಜಿನಿಯರ್ ಕೊಯ್ಟರ್ 1945ರಲ್ಲಿ ಡೆಲ್ಫ್ಟ್‌ನಲ್ಲಿ ಸಲ್ಲಿಸಿದ ಪ್ರಬಂಧದಲ್ಲಿ ಉತ್ತರವಿದೆ. ಅದು ಡಚ್ ಭಾಷೆಯಲ್ಲಿದ್ದುದರಿಂದ ಹೊರಜಗತ್ತಿಗೆ ನಿಧಾನವಾಗಿ ತಲುಪಿತು. ನಾಸಾ ಇಂಗ್ಲಿಷಿಗೆ ತರಿಸಿದ್ದು 1960ರ ದಶಕದಲ್ಲಿ. ಆ ಸಿದ್ಧಾಂತದ ಪ್ರಕಾರ ಸುಕ್ಕಿನದೇ ಆಕಾರದ ಲೋಪ ತಗಡಿನ ದಪ್ಪದ ಹತ್ತನೇ ಒಂದು ಭಾಗ ಇದ್ದರೆ ಸಾಕು, ಹೊರೆ 0.61 ಪಟ್ಟಿಗೆ ಇಳಿಯುತ್ತದೆ. ನಮ್ಮ ಕೊಳವೆಯಲ್ಲಿ ದಪ್ಪದ ಹತ್ತನೇ ಒಂದು ಭಾಗ ಅಂದರೆ 0.05 ಮಿ.ಮೀ.; 66.5 ಇದ್ದದ್ದು 40.6 ಆಗುತ್ತದೆ. ಲೋಪ ದಪ್ಪದ ಅರ್ಧದಷ್ಟಾದರೆ ಉಳಿಯುವುದು 23. ಇಳಿತದ ಬಹುಪಾಲು ಮೊದಲ ಕೂದಲೆಳೆಯಷ್ಟು ಲೋಪದಲ್ಲೇ ಆಗಿಹೋಗುತ್ತದೆ ಎಂಬುದನ್ನು ಗಮನಿಸಿ. ಕೆಲಸಗಾರನ ಕೈ ಇನ್ನಷ್ಟು ಚುರುಕಾದರೆ ಸರಿಹೋಗುವ ಸಂಗತಿಯಲ್ಲ ಇದು.

ಇದು ಹೊಸ ವಿದ್ಯೆಯೂ ಅಲ್ಲ. ನಾಸಾದ ಎಸ್‌ಪಿ-8007 ಎಂಬ ವಿನ್ಯಾಸ ಕೈಪಿಡಿ 1965ರಲ್ಲೇ ಬಂದು 1968ರಲ್ಲಿ ಪರಿಷ್ಕೃತವಾಯಿತು. ಅದುವರೆಗಿನ ಪರೀಕ್ಷೆಗಳ ಚುಕ್ಕೆಗಳ ಕೆಳಗೆ ಎಳೆದ ಗೆರೆಯ ಸೂತ್ರ ಅದರಲ್ಲಿದೆ. ತ್ರಿಜ್ಯ ದಪ್ಪದ 500 ಪಟ್ಟು ಇರುವ ಕೊಳವೆಗೆ ಅದು ಕೊಡುವ ಇಳಿಕೆಯ ಗುಣಕ 0.32. ಅಂದರೆ 21.4 ಕಿಲೋನ್ಯೂಟನ್. ಕ್ಯಾಲ್ಕುಲೇಟರಿನಲ್ಲಿ ಒಂದು ನಿಮಿಷದ ಕೆಲಸ. ನಮ್ಮ ವರದಿಯಲ್ಲಿ ಆ ಒಂದು ಸಾಲು ಇದ್ದಿದ್ದರೆ 30ರ ಬೇಡಿಕೆಗೆ ಈ ತಗಡು ಸಾಲದು ಎಂದು ಪರೀಕ್ಷೆಗೆ ಮೊದಲೇ ತಿಳಿಯುತ್ತಿತ್ತು. ಸಹಿ ಹಾಕಿದ ಹಿರಿಯರಲ್ಲಿ ನಾನೂ ಒಬ್ಬ, ಆದ್ದರಿಂದ ಕಿರಿಯವನನ್ನು ದೂರುವ ಹಕ್ಕು ನನಗಿಲ್ಲ.

ಮತ್ತೆ ಮೊದಲಿನಿಂದ

ಎರಡನೇ ಸುತ್ತಿನಲ್ಲಿ ಪೂರ್ತಿ ಕೊಳವೆ, 4 ಮಿ.ಮೀ. ಮೆಶ್. ಉಂಗುರದ ಸುಕ್ಕಿನ ಅರ್ಧ ಅಲೆಗೆ ಐದು ಎಲಿಮೆಂಟ್ ಬೀಳಬೇಕು ಎಂಬುದು ನಾನಿಟ್ಟುಕೊಂಡ ಕನಿಷ್ಠ ಅಳತೆ. ಒಟ್ಟು 49 ಸಾವಿರದಷ್ಟು ಎಲಿಮೆಂಟ್‌ಗಳಾದವು. ಜ್ಯಾಮಿತೀಯ ಅರೇಖೀಯತೆಯನ್ನು, ಅಂದರೆ ಆಕಾರ ಬದಲಾದಂತೆ ಬಿಗಿತವೂ ಬದಲಾಗುವುದನ್ನು, ಸೇರಿಸಿ, ಲೋಪವೇ ಇಲ್ಲದ ಕೊಳವೆಯನ್ನು ಒತ್ತಿದಾಗ ಶಿಖರ 61ಕ್ಕೆ ಬಂತು. ಒತ್ತಿದ ಕೊಳವೆ ಪಕ್ಕಕ್ಕೆ ಉಬ್ಬಬೇಕು, ಆದರೆ ತುದಿಯ ಉಂಗುರಗಳು ಅದನ್ನು ಹಿಡಿದಿರುತ್ತವೆ. ಅಂಚಿನ ಬಳಿ ಹುಟ್ಟುವ ಆ ಬಾಗು ಮೊದಲ ಕೆಲವು ಕಿಲೋನ್ಯೂಟನ್‌ಗಳನ್ನು ನುಂಗಿತ್ತು. ಅಂಚು ಸುತ್ತಳತೆಯ ದಿಕ್ಕಿನಲ್ಲಿ ಜಾರಲು ಬಿಟ್ಟರೆ ಹೊರೆ ಹೆಚ್ಚುಕಡಿಮೆ ಅರ್ಧಕ್ಕೇ ಇಳಿಯುತ್ತದೆ. ಮಾದರಿಯಲ್ಲಿ ಒಂದು ಚೌಕಕ್ಕೆ ಗುರುತು ಹಾಕಲು ಮರೆತರೆ ಆಗುವ ಅನಾಹುತ ಇದು.

ಶಿಖರದಾಚೆಗೆ ಹೋಗುವುದು ಇನ್ನೊಂದು ಪಾಡು. ಹೊರೆಯನ್ನು ಹಂತ ಹಂತವಾಗಿ ಏರಿಸಿ, ಊಹೆಯನ್ನು ತಿದ್ದುತ್ತಾ ಹೋಗುವ ನ್ಯೂಟನ್-ರಾಫ್ಸನ್ ವಿಧಾನದಲ್ಲಿ ಸಮತೋಲನ ಹುಡುಕಿದರೆ ಶಿಖರದಲ್ಲಿ ಲೆಕ್ಕ ನಿಂತುಬಿಡುತ್ತದೆ, ಏಕೆಂದರೆ ಮುಂದಿನ ಹಂತದ ಹೊರೆಗೆ ಹತ್ತಿರದಲ್ಲಿ ಸಮತೋಲನವೇ ಇಲ್ಲ. ಹೊರೆಯ ಬದಲು ಕುಗ್ಗುವ ಅಳತೆಯನ್ನು ಏರಿಸುತ್ತಾ ಹೋಗಬಹುದು. ಆದರೆ ಕೊಳವೆಯ ದಾರಿ ಶಿಖರ ದಾಟಿದ ಮೇಲೆ ಹಿಂದಕ್ಕೂ ತಿರುಗುತ್ತದೆ, ಹೊರೆಯೂ ಕುಗ್ಗುವಿಕೆಯೂ ಒಟ್ಟಿಗೆ ಕಡಿಮೆಯಾಗುತ್ತವೆ. ರಿಕ್ಸ್ 1970ರ ದಶಕದಲ್ಲಿ ಬೆಳೆಸಿದ, ಕ್ರಿಸ್‌ಫೀಲ್ಡ್ 1981ರಲ್ಲಿ ಫೈನೈಟ್ ಎಲಿಮೆಂಟಿಗೆ ಹದಗೊಳಿಸಿದ ಆರ್ಕ್-ಲೆಂತ್ ವಿಧಾನ ಇವೆರಡರಲ್ಲಿ ಯಾವುದನ್ನೂ ಮೊದಲೇ ಗೊತ್ತುಮಾಡುವುದಿಲ್ಲ. ಹೊರೆಯನ್ನೂ ಸ್ಥಳಾಂತರವನ್ನೂ ಅಜ್ಞಾತವಾಗಿಟ್ಟು, ದಾರಿಯ ಗುಂಟ ಇಡುವ ಹೆಜ್ಜೆಯ ಉದ್ದವನ್ನು ಮಾತ್ರ ನಿಗದಿಪಡಿಸುತ್ತದೆ. ಕಮಾನು, ತಗ್ಗು ಗುಮ್ಮಟಗಳಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ನಮ್ಮ ಕೊಳವೆಯಲ್ಲಿ ಕವಲುಗಳು ಎಷ್ಟು ದಟ್ಟವಾಗಿದ್ದವೆಂದರೆ ಮೂರು ಸಲ ಲೆಕ್ಕ ಬಂದ ದಾರಿಯಲ್ಲೇ ಹಿಂತಿರುಗಿ ಹೊರೆಯನ್ನು ಸೊನ್ನೆಗೆ ತಂದು ನಿಲ್ಲಿಸಿತು. ಹಾಗೆ ಹಿಂತಿರುಗಿದ ಗೆರೆ ನೋಡಲು ಬಹಳ ಅಚ್ಚುಕಟ್ಟಾಗಿರುತ್ತದೆ, ಅದನ್ನೇ ಬಕ್ಲಿಂಗ್ ನಂತರದ ದಾರಿ ಎಂದು ನಂಬಿ ಮೋಸಹೋಗಬಹುದು.

ಕೊನೆಗೆ ಶಿಖರದವರೆಗೆ ಸ್ಥಿರ ಲೆಕ್ಕ, ಅಲ್ಲಿಂದಾಚೆ ಜಡತ್ವವನ್ನೂ ಸೇರಿಸಿದ ಚಲನಶೀಲ ಲೆಕ್ಕ ಎಂದು ಒಪ್ಪಂದಕ್ಕೆ ಬಂದೆವು. ಟಪ್ ಎಂದದ್ದು ನಿಜವಾಗಿಯೂ ಚಲನೆಯೇ ಅಲ್ಲವೇ? ಕುಸಿದ ಗಳಿಗೆಯಲ್ಲಿ ಕೊಳವೆಯೊಳಗೆ ಕೂಡಿದ್ದ ಶಕ್ತಿ ಸುಮಾರು 3 ಜೂಲ್, ಅರ್ಧ ಲೀಟರ್ ನೀರು 60 ಸೆಂ.ಮೀ. ಎತ್ತರದಿಂದ ಬಿದ್ದಷ್ಟು. ಲೆಕ್ಕ ಓಡಲೆಂದು ಚಲನೆಯನ್ನು ತಗ್ಗಿಸುವ ಕೃತಕ ಡ್ಯಾಂಪಿಂಗ್ ಹಾಕಿದಾಗ ಅದು ನುಂಗಿದ ಶಕ್ತಿಯನ್ನು ಈ 3 ಜೂಲಿನ ಪಕ್ಕದಲ್ಲಿಟ್ಟು ನೋಡಬೇಕು. ಮೊದಲ ಪ್ರಯತ್ನದಲ್ಲಿ ಅದು ಕಾಲು ಭಾಗವನ್ನೇ ತಿಂದು, ಇಲ್ಲದ ಬಲವನ್ನು ಕೊಳವೆಗೆ ಕೊಟ್ಟಿತ್ತು.

ಈಗ ಲೋಪದ ಸರದಿ. ಕುಸಿದ ಕೊಳವೆಯ ಮೇಲ್ಮೈಯನ್ನು ಪರೀಕ್ಷೆಗೆ ಮೊದಲು ಸ್ಕ್ಯಾನ್ ಮಾಡಿಟ್ಟಿದ್ದರು. ಯಾರಿಗೂ ಬೇಡವಾಗಿ ಬಿದ್ದಿದ್ದ ಆ ಫೈಲು ಚಿನ್ನವಾಯಿತು. ಆದರ್ಶ ದುಂಡಿನಿಂದ ಅತಿ ಹೆಚ್ಚು ಸರಿದ ಜಾಗದಲ್ಲಿ 0.45 ಮಿ.ಮೀ. ಸಾಮಾನ್ಯ ರೂಢಿಯಂತೆ ಮೊದಲ ಐಗನ್ ಆಕಾರಕ್ಕೆ ಈ ಪೂರ್ತಿ ಅಳತೆಯನ್ನು ಕೊಟ್ಟರೆ ಏನಾಗುತ್ತದೆ ಎಂಬುದನ್ನು ಕೊಯ್ಟರ್ ಸೂತ್ರವೇ ಅಂದಾಜಿಸುತ್ತದೆ: 17 ಕಿಲೋನ್ಯೂಟನ್. ಪರೀಕ್ಷೆಯ 26ಕ್ಕಿಂತ ಎಷ್ಟೋ ಕೆಳಗೆ. ಸ್ಕ್ಯಾನನ್ನು ಅಲೆಗಳಾಗಿ ಬಿಡಿಸಿ ನೋಡಿದಾಗ ಕಾರಣ ಕಂಡಿತು. ಆ 0.45ರ ಬಹುಪಾಲು ಸುತ್ತ ಎರಡು ಮೂರು ಅಲೆಗಳ ದೊಡ್ಡ ಓರೆ, ಅಂದರೆ ಕೊಳವೆ ಸ್ವಲ್ಪ ಮೊಟ್ಟೆಯಾಕಾರವಾಗಿತ್ತು. ಕೊಳವೆಗೆ ಅದರಿಂದ ಹೆಚ್ಚು ಬಾಧೆಯಿಲ್ಲ. ಬಾಧಿಸುವ 10ರಿಂದ 16 ಅಲೆಗಳ ಪಾಲು 0.03 ಮಿ.ಮೀ. ಮಾತ್ರ, ಅದೂ ತಗಡಿನ ಎರಡು ಅಂಚುಗಳನ್ನು ಒಂದರ ಮೇಲೊಂದು ಇಟ್ಟು ಅಂಟಿಸಿದ ಜೋಡಣೆಯ ಆಚೀಚೆ. ಸ್ಕ್ಯಾನಿನ ಆಕಾರವನ್ನೇ ಎಲಿಮೆಂಟುಗಳು ಕೂಡುವ ಬಿಂದುಗಳಾದ ನೋಡ್‌ಗಳಿಗೆ ಹಾಕಿ ಓಡಿಸಿದಾಗ ಬಂದದ್ದು 33. ಪಕ್ಕದಿಂದ ಬೆರಳಲ್ಲಿ ಮೆಲ್ಲನೆ ತಳ್ಳಿದಂಥ ಒಂದು ಸಣ್ಣ ಹೊರೆ ಹಾಕಿ ಪರೀಕ್ಷಿಸುವ ವಿಧಾನದಲ್ಲಿ 34. ಇನ್ನೂ 26 ಆಗಿರಲಿಲ್ಲ.

ಉಳಿದ ಏಳು ಕಿಲೋನ್ಯೂಟನ್ ಎಲ್ಲಿ ಹೋಯಿತು ಎಂದು ಎರಡು ವಾರ ಮೆಶ್‌ನಲ್ಲಿ, ದಪ್ಪದ ಏರಿಳಿತದಲ್ಲಿ ಹುಡುಕಿದೆವು. ಸಿಕ್ಕಿದ್ದು ತೀರಾ ಸಾಮಾನ್ಯ ಜಾಗದಲ್ಲಿ. 26 ಕಿಲೋನ್ಯೂಟನ್‌ಗೆ ಕೊಳವೆ ಕುಗ್ಗುವುದು ಒಟ್ಟು 0.24 ಮಿ.ಮೀ. ಮೇಲಿನ ಉಂಗುರದ ಮುಖವನ್ನು ಡಯಲ್ ಗೇಜ್ ಇಟ್ಟು ಸುತ್ತಿದಾಗ ಮುಳ್ಳು 0.05 ಮಿ.ಮೀ. ಆಡಿತು. ಯಾವ ಕಾರ್ಖಾನೆಯಲ್ಲೂ ಒಪ್ಪಿಗೆಯಾಗುವ ಏರುಪೇರು ಅದು, ಆದರೆ ಒಟ್ಟು ಕುಗ್ಗುವಿಕೆಯ ಐದನೇ ಒಂದು ಭಾಗ. ಅಂದರೆ ಒಂದು ಬದಿ ತನ್ನ ಪಾಲಿನ ಹೊರೆಗಿಂತ ಬಹಳ ಮೊದಲೇ ಹೊರುವುದಕ್ಕೆ ಶುರುಮಾಡಿತ್ತು. ಆ ಏರುಪೇರನ್ನು ಮಾದರಿಯ ಮೇಲಂಚಿಗೆ ಕೊಟ್ಟಾಗ ಶಿಖರ 28ಕ್ಕೆ ಬಂತು. ಮೊದಲ ನೆಗ್ಗು ಎದ್ದ ಜಾಗವೂ ವೀಡಿಯೊಗೆ ಹೊಂದಿತು. ನೆಗ್ಗುಗಳ ಸಾಲು ಮಾತ್ರ ಲೆಕ್ಕದಲ್ಲಿ ಹತ್ತು, ನಿಜದಲ್ಲಿ ಹನ್ನೊಂದು. ಅದರ ಬೆನ್ನು ಹತ್ತಲಿಲ್ಲ.

ಪರಿಹಾರ ಬಹಳ ಮಾತು ಬೇಡುವುದಿಲ್ಲ. ಹೊರೆ ದಪ್ಪದ ವರ್ಗದಂತೆ ಏರುತ್ತದೆ, ಜೊತೆಗೆ ಇಳಿಕೆಯ ಗುಣಕವೂ ತುಸು ಸುಧಾರಿಸುತ್ತದೆ. 0.6 ಮಿ.ಮೀ. ತಗಡಿಗೆ ಹಳೆಯ ಸೂತ್ರ 95.8 ಕೊಟ್ಟರೆ ನಾಸಾ ಗುಣಕ 0.35, ಉಳಿಯುವುದು 33.6. ಬೇಡಿಕೆ 30. ತೂಕ 200 ಗ್ರಾಂನಷ್ಟು ಹೆಚ್ಚುತ್ತದೆ. ಒಳಗಡೆ ಲಂಬ ಪಟ್ಟಿಗಳನ್ನು ಅಂಟಿಸಿದರೆ ಇನ್ನೂ ಹಗುರವಾಗಿ ಮುಗಿಸಬಹುದಿತ್ತು, ಆದರೆ ಪ್ರತಿ ಪಟ್ಟಿಯೂ ಹೊಸ ಜೋಡಣೆ, ಹೊಸ ಲೋಪ. 200 ಗ್ರಾಂಗಾಗಿ ಆ ತಲೆನೋವು ಬೇಡವೆಂದೆ. ಉಂಗುರದ ಮುಖಕ್ಕೂ ಯಂತ್ರದ ಹಲಗೆಗೂ ನಡುವೆ ರಾಳ ಸುರಿದು ಗಟ್ಟಿಯಾಗಲು ಬಿಟ್ಟು ಏರುಪೇರನ್ನು ತುಂಬಿಸಿದೆವು.

ಎರಡನೇ ಕೊಳವೆಯನ್ನೂ ಸ್ಕ್ಯಾನ್ ಮಾಡಿ, ಪರೀಕ್ಷೆಯ ಹಿಂದಿನ ದಿನವೇ ನಮ್ಮ ಅಂದಾಜನ್ನು ಬರೆದಿಟ್ಟೆವು: 44 ಕಿಲೋನ್ಯೂಟನ್, ಮೊದಲ ನೆಗ್ಗು ಜೋಡಣೆಯ ಎಡಕ್ಕೆ, ಕೆಳಗಿನ ಉಂಗುರದಿಂದ ಒಂದು ಗೇಣು ಮೇಲೆ. ಕೊಳವೆ 41ಕ್ಕೆ ಕುಸಿಯಿತು. ನೆಗ್ಗು ಎದ್ದದ್ದು ಜೋಡಣೆಗೆ ಸರಿಯಾಗಿ ಎದುರು ಬದಿಯಲ್ಲಿ.